ನಟ್ಟು ಟಬ್ಬಿಗೆ ಯಾಕೆ ಹೋಗಲ್ಲ?

"ಬಿಂದೂ, ಇಲ್ಲಿ ಬಾ. ಮುಟ್ಟಿ ನೋಡು."

ಬಿಂದು ಒಂದು ಕಾಲಿಗೆ ಸಾಕ್ಸ್ ಹಾಕಿದ್ದಳು. ಇನ್ನೊಂದು ಸಾಕ್ಸ್ ಕೈಯಲ್ಲಿತ್ತು. ಹಾಗೇ ಕುಂಟಿಕೊಂಡು ಅಜ್ಜಿಯ ಕೋಣೆಗೆ ಹೋದಳು. ಮುಟ್ಟಿ ನೋಡಬೇಕಾಗಿರಲಿಲ್ಲ. ಬಾಗಿಲಲ್ಲೇ ವಾಸನೆ ಮೂಗಿಗೆ ಹೊಡೆಯಿತು. ಅಜ್ಜಿಯ ಹಾಸಿಗೆಯ ಮೇಲೆ, ಗೋಡೆಯ ಕಡೆಗೆ, ತಟ್ಟೆಯಗಲ ಒದ್ದೆಯಾಗಿತ್ತು.

"ಈ ವಾರದಲ್ಲಿ ಇದು ಎಷ್ಟನೇ ಸಲ?" ಅಜ್ಜಿ ಮಾದೇವಮ್ಮ ಕೇಳಿದರು.

"ಮೂರು," ಅಂದಳು ಬಿಂದು ಮೆಲ್ಲಗೆ.

"ನಾಕು. ಸೋಮವಾರದ್ದು ನಿಂಗೆ ಗೊತ್ತಿಲ್ಲ. ನೀನು ಸ್ಕೂಲಿಂದ ಬರೋ ಅಷ್ಟ್ರಲ್ಲಿ ನಾನೇ ಮಿಷನ್ನಿಗೆ ಹಾಕಿ ತೆಗೆದ್ಬುಟ್ಟೆ. ನಿಮ್ಮಮ್ಮಂಗೂ ಹೇಳಿಲ್ಲ."

ಅಜ್ಜಿ ಒಂದು ಕೈಯನ್ನು ಮಂಡಿಯ ಮೇಲೆ ಊರಿ, ಇನ್ನೊಂದು ಕೈಯಲ್ಲಿ ಬೆಡ್‌ಶೀಟ್ ಎಳೆದರು. ಬಿಂದು ಬಗ್ಗಿ ಮಂಚದ ಕೆಳಗೆ ನೋಡಿದಳು. ಕತ್ತಲಲ್ಲಿ ಎರಡು ಹಳದಿ ಕಣ್ಣುಗಳು ಅವಳನ್ನೇ ನೋಡುತ್ತಿದ್ದವು.

"ನಟ್ಟು, ಯಾಕೋ ಹಿಂಗೆ ಮಾಡ್ತೀಯ?"

ನಟ್ಟು ಇನ್ನಷ್ಟು ಮೂಲೆಗೆ ಸರಿಯಿತು.

"ಅದನ್ನ ಕೇಳಿದ್ರೆ ಹೇಳ್ತದಾ?" ಅಜ್ಜಿ ಬೆಡ್‌ಶೀಟನ್ನು ಮುದ್ದೆ ಮಾಡಿಕೊಂಡು ಬಚ್ಚಲುಮನೆಯ ಕಡೆ ಹೊರಟರು. "ಭಾನುವಾರ ನಿಮ್ಮಪ್ಪ ಬರ್ತಾನೆ. ಹಿಟ್ಟಿನ ಮಿಲ್ಲಿನ ಚಿಕ್ಕಣ್ಣ ಇಲಿ ಕಾಟ ಜಾಸ್ತಿ, ಒಂದು ಬೆಕ್ಕು ಬೇಕು ಅಂತಿದ್ದ. ಅವನಿಗೆ ಕೊಟ್ಬುಡಾದೇ."

"ಅಜ್ಜಿ, ಪ್ಲೀಸ್."

"ನನ್ನ ಮಂಡಿ ನೋಡವ್ವ ಮಗ. ದಿನಾ ಹಾಸಿಗೆ ಎತ್ತಿ ಬಿಸಿಲಿಗೆ ಹಾಕಕ್ಕೆ ನಂಗಾಗ್ತದಾ?"

ಅಜ್ಜಿಯ ಮಂಡಿ ಊದಿಕೊಂಡಿದ್ದು ಬಿಂದುವಿಗೂ ಕಾಣುತ್ತಿತ್ತು. ಬಚ್ಚಲುಮನೆಯಲ್ಲಿ ವಾಷಿಂಗ್ ಮಿಷನ್ ಗುರ್ರ್ ಅನ್ನತೊಡಗಿತು. ಬೀದಿಯಲ್ಲಿ ಸ್ಕೂಲ್ ಆಟೋದವರು ಎರಡನೇ ಸಲ ಹಾರ್ನ್ ಹೊಡೆದರು.

ನಟ್ಟುವನ್ನು ಮನೆಗೆ ತಂದವರು ಅಮ್ಮ. ಅಮ್ಮ ಸುಷ್ಮಿತಾ ಹೆಬ್ಬಾಳದ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾರೆ. ಫಸ್ಟ್ ಶಿಫ್ಟ್ ಇದ್ದರೆ ಬೆಳಿಗ್ಗೆ ಐದೂಕಾಲಕ್ಕೇ ಮೇಟಗಳ್ಳಿಯ ಮನೆಯಿಂದ ಹೊರಟುಬಿಡುತ್ತಾರೆ. ಎರಡು ತಿಂಗಳ ಹಿಂದೆ ಅವರ ಫ್ಯಾಕ್ಟರಿಯ ಗೋಡೌನಿನಲ್ಲಿ, ನಟ್ಟು ಬೋಲ್ಟು ತುಂಬಿದ್ದ ರಟ್ಟಿನ ಪೆಟ್ಟಿಗೆಗಳ ಹಿಂದೆ, ಒಂದು ಬೆಕ್ಕು ಸಿಕ್ಕಿತ್ತು. ಬೂದಿಬಣ್ಣ, ಬಾಲದ ತುದಿ ಮುರಿದಿತ್ತು. ಯಾರೋ ಕೋಲು ತಂದರಂತೆ. ಅಮ್ಮ ಅದನ್ನು ದುಪಟ್ಟಾದಲ್ಲಿ ಸುತ್ತಿ, ಊಟದ ಬ್ಯಾಗಿನಲ್ಲಿಟ್ಟುಕೊಂಡು, ಬಸ್ಸಿನಲ್ಲಿ ಮನೆಗೆ ತಂದರು.

ಹೆಸರಿಟ್ಟವಳು ಬಿಂದು. ಹಳೆಯ ಪ್ಲಾಸ್ಟಿಕ್ ಟಬ್ಬಿಗೆ ಮರಳು ತುಂಬಿ ಬಚ್ಚಲುಮನೆಯಲ್ಲಿ, ವಾಷಿಂಗ್ ಮಿಷನ್ನಿನ ಪಕ್ಕ ಇಟ್ಟವಳೂ ಅವಳೇ. ನಲ್ಲಿ ಅಲ್ಲೇ ಇದೆ, ತೊಳೆಯೋದು ಸುಲಭ ಅಂತ. ಮೊದಲು ಸ್ವಲ್ಪ ದಿನ ನಟ್ಟು ಟಬ್ಬಿಗೇ ಹೋಗುತ್ತಿತ್ತು. ಆಮೇಲೆ ಏನಾಯಿತೋ ಯಾರಿಗೂ ತಿಳಿಯಲಿಲ್ಲ.

ಸ್ಕೂಲಿನಲ್ಲಿ ಮೂರನೇ ಪೀರಿಯಡ್ಡಿಗೇ ಬಿಂದುವಿಗೆ ಒಂದಕ್ಕೆ ಹೋಗಬೇಕು ಅನ್ನಿಸಿತು.

ಅವಳು ಕಾಲಿನ ಮೇಲೆ ಕಾಲು ಹಾಕಿಕೊಂಡು ಬಿಗಿಯಾಗಿ ಕುಳಿತಳು. ಬೋರ್ಡಿನ ಮೇಲೆ ಭಾನುಪ್ರಿಯಾ ಮಿಸ್ ಭಿನ್ನರಾಶಿಯ ಲೆಕ್ಕ ಬರೆಯುತ್ತಿದ್ದರು. ಬಿಂದು ಸಂಜೆಯವರೆಗೆ ಇನ್ನೂ ಎಷ್ಟು ಪೀರಿಯಡ್ ಇದೆ ಅಂತ ಎಣಿಸುತ್ತಿದ್ದಳು.

ಅವರ ಸ್ಕೂಲಿನಲ್ಲಿ ಹುಡುಗಿಯರಿಗೆ ಎರಡು ಟಾಯ್ಲೆಟ್. ಒಂದಕ್ಕೆ ಯಾವಾಗಲೂ ಬೀಗ. ಇನ್ನೊಂದರ ಚಿಲಕ ಜೂನ್ ತಿಂಗಳಲ್ಲೇ ಕಿತ್ತು ಬಂದಿತ್ತು. ಒಳಗೆ ಕೂತವರು ಒಂದು ಕೈಯಿಂದ ಬಾಗಿಲನ್ನು ಒತ್ತಿ ಹಿಡಿದುಕೊಳ್ಳಬೇಕು. ಒಂದು ದಿನ ಬಿಂದು ಒಳಗಿದ್ದಾಗ ಸೆವೆಂತ್‌ನ ಹುಡುಗಿಯರು ಬಂದು ಧಡಧಡ ಬಡಿದರು. "ಬೇಗ ಬಾರೇ, ಮನೆ ಮಾಡ್ಕೊಂಡಿದ್ದೀಯ?" ಅಂತ ಒಬ್ಬಳು ತಳ್ಳಿಯೇಬಿಟ್ಟಳು. ಬಾಗಿಲು ಪೂರ್ತಿ ತೆರೆದುಕೊಂಡಿತು. ಎಲ್ಲರೂ ನಕ್ಕರು.

ಅವತ್ತಿನಿಂದ ಬಿಂದು ಆ ಕಡೆ ಹೋಗಿಲ್ಲ. ನೀರು ಕುಡಿದರೆ ತಾನೇ ತೊಂದರೆ ಅಂತ ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಆದರೂ ಮಧ್ಯಾಹ್ನದ ಹೊತ್ತಿಗೆ ಹೊಟ್ಟೆಯ ಕೆಳಗೆ ಭಾರವಾಗುತ್ತಿತ್ತು. ಕೆಲವು ದಿನ ಮನೆಗೆ ಬಂದು ಕೂತರೂ ಬೇಗ ಬರುತ್ತಿರಲಿಲ್ಲ. ಬಂದರೆ ಉರಿ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಏನಂತ ಹೇಳುವುದು?

"ಬಿಂದು, ಯಾಕೆ ಹಿಂಗೆ ಸೆಟೆದು ಕೂತಿದ್ದೀಯ?" ಪಕ್ಕದಲ್ಲಿದ್ದ ಸಿಂಚನ ಪಿಸುಗುಟ್ಟಿದಳು.

"ಏನಿಲ್ಲ. ನೀನು ಲೆಕ್ಕ ಮಾಡು."

ಸಂಜೆ ಆಟೋ ಇಳಿದವಳೇ ಬಿಂದು ಬಚ್ಚಲುಮನೆಗೆ ಓಡಿದಳು. ಒಳಗೆ ನಟ್ಟು ಇತ್ತು.

ಅದು ಟಬ್ಬಿನಲ್ಲಿ ಬಾಲ ಎತ್ತಿ ಕೂತಿತ್ತು. ಬಿಂದುವಿಗೆ ಖುಷಿಯಾಯಿತು. ಅಬ್ಬ, ಕೊನೆಗೂ ಟಬ್ಬಿನಲ್ಲಿ. ಅವಳು ಕಾಲು ಜೋಡಿಸಿಕೊಂಡು, ತುಟಿ ಕಚ್ಚಿಕೊಂಡು ಬಾಗಿಲಲ್ಲೇ ಕಾದಳು.

ನಟ್ಟು ಎದ್ದಿತು. ಮರಳು ಒಣಗಿಯೇ ಇತ್ತು. ಅದು ಟಬ್ಬಿನಿಂದ ಇಳಿದು ಒಂದು ಸುತ್ತು ಹಾಕಿ ಮತ್ತೆ ಹತ್ತಿತು. ಮತ್ತೆ ಕೂತಿತು. ಮೈಯೆಲ್ಲ ಬಿಗಿಯಾಯಿತು. ಗಂಟಲಿನಿಂದ ಸಣ್ಣದಾಗಿ, ಉದ್ದಕ್ಕೆ ಒಂದು ಸದ್ದು ಬಂತು. ಮಿಯಾಂವ್ ಅಂತಲ್ಲ, ಬೇರೆ ಥರ.

"ಹೊಸಾ ಆಟ ಅದು," ಅಡುಗೆಮನೆಯಿಂದ ಅಜ್ಜಿ ಅಂದರು. "ಮಧ್ಯಾಹ್ನದಿಂದ ಹತ್ತೋದು, ಇಳಿಯೋದು, ಹತ್ತೋದು, ಇಳಿಯೋದು. ಹಾಸಿಗೆ ಮೇಲೆ ಮಾಡೋದು ಮಾತ್ರ ಚೆನ್ನಾಗಿ ಗೊತ್ತು."

ಬಿಂದು ನಟ್ಟುವಿನ ಮುಖ ನೋಡಿದಳು. ಅದರ ಬಾಯಿ ಸ್ವಲ್ಪ ತೆರೆದಿತ್ತು. ಕಣ್ಣು ಎಲ್ಲೂ ನೋಡುತ್ತಿರಲಿಲ್ಲ.

ಅಮ್ಮ ಶಿಫ್ಟ್ ಮುಗಿಸಿ ಬಂದು ಹಾಲ್‌ನಲ್ಲಿ ಚಾಪೆಯ ಮೇಲೆ ಮಲಗಿದ್ದರು. ಬಿಂದು ತನ್ನ ಅರ್ಜೆಂಟನ್ನೂ ಮರೆತು ಅವರ ಭುಜ ಅಲುಗಿಸಿದಳು.

"ಅಮ್ಮ, ಏಳು. ನಟ್ಟುಗೆ ಉಚ್ಚೆ ಬರ್ತಿಲ್ಲ."

"ಈಗ ತಾನೇ ಕಣ್ಣು ಮುಚ್ಚಿದೀನಿ ಕಣೇ. ಸ್ವಲ್ಪ ಹೊತ್ತು ಬಿಡು, ಮಾಡತ್ತೆ."

"ಮಾಡಲ್ಲಮ್ಮ. ಮಾಡ್ಬೇಕು ಅಂತಾನೆ ಕೂತ್ಕೋತಾನೆ, ಬರ್ತಿಲ್ಲ. ಅವನಿಗೆ ಉರೀತಿದೆ."

ಅಮ್ಮ ಕಣ್ಣು ತೆರೆದರು. "ಉರೀತಿದೆ ಅಂತ ನಿಂಗೆ ಹೇಗೆ ಗೊತ್ತು?"

ಬಿಂದು ನೆಲ ನೋಡಿದಳು. "ಗೊತ್ತು," ಅಂದಳು. ಆಮೇಲೆ, "ಒಂದ್ಸಲ ಬಂದು ನೋಡಮ್ಮ," ಅಂದಳು.

ಅಮ್ಮ ಎದ್ದು ಬಂದು ನೋಡಿದರು. ನಟ್ಟು ಟಬ್ಬಿನಿಂದ ಇಳಿದು, ನೆಲದ ಮೇಲೇ ಮಲಗಿ, ಹಿಂಗಾಲುಗಳನ್ನು ನೆಕ್ಕತೊಡಗಿತು. ಅಮ್ಮ ಜಡೆ ಸುತ್ತಿಕೊಂಡು ಕಟ್ಟಿದರು.

"ತರಕಾರಿ ಬುಟ್ಟಿ ಖಾಲಿ ಮಾಡು. ಒಂದು ಟವೆಲ್ ತಾ."

ಆಟೋ ಸಿಗುವುದು ಹತ್ತು ನಿಮಿಷ ತಡವಾಯಿತು. ಶಿಫ್ಟ್ ಬಿಡುವ ಹೊತ್ತು. ರೋಡಿನ ತುಂಬ ಫ್ಯಾಕ್ಟರಿ ಬಸ್ಸುಗಳು. ಬಿಂದು ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು, ಮೇಲೆ ಕಟ್ಟಿದ್ದ ಟವೆಲ್ಲಿನೊಳಗೆ ಒಂದು ಬೆರಳು ತೂರಿಸಿದ್ದಳು. ಪ್ರತಿ ಹಾರ್ನಿಗೂ ಒಳಗಿನ ಮೈ ಬೆಚ್ಚುವುದು ಬೆರಳಿಗೆ ತಿಳಿಯುತ್ತಿತ್ತು. ಯಾದವಗಿರಿ ಬರುವಷ್ಟರಲ್ಲಿ ನಟ್ಟು ಕೂಗುವುದನ್ನೂ ನಿಲ್ಲಿಸಿತ್ತು. ಕೂಗಿದ್ದಕ್ಕಿಂತ ಅದೇ ಹೆಚ್ಚು ಭಯ.

ಪ್ರಾಣಿಗಳ ಡಾಕ್ಟರು ಭಾನುಮತಿಯವರು ತಮ್ಮ ಮನೆಯ ಮುಂದಿನ ಕೋಣೆಯಲ್ಲೇ ಕ್ಲಿನಿಕ್ ಇಟ್ಟಿದ್ದರು. ಅವರು ನಟ್ಟುವಿನ ಹೊಟ್ಟೆಯ ಕೆಳಗೆ ಎರಡು ಬೆರಳಿಟ್ಟು ಮೆಲ್ಲಗೆ ಒತ್ತಿದರು. ಮುಖದಲ್ಲಿದ್ದ ನಗು ಹೋಯಿತು.

"ಯಾವಾಗಿಂದ ಹೀಗೆ?"

"ಬೆಳಿಗ್ಗೆ ಹಾಸಿಗೆ ಮೇಲೆ ಮಾಡಿತ್ತು ಡಾಕ್ಟ್ರೇ. ಮಧ್ಯಾಹ್ನದಿಂದ ಬರೀ ಕೂತು ಕೂತು ಏಳ್ತಿದೆ," ಅಂದರು ಅಮ್ಮ.

"ಉಚ್ಚೆ ದಾರಿ ಕಟ್ಟಿಕೊಂಡಿದೆ. ಹೊಟ್ಟೆ ಒಳಗೆ ನಿಂಬೆಹಣ್ಣಿನಷ್ಟು ಗಟ್ಟಿಯಾಗಿ ಸಿಗ್ತಿದೆ ನೋಡಿ. ಗಂಡು ಬೆಕ್ಕುಗಳಿಗೆ ಇದು ಆಗತ್ತೆ. ನಾಳೆವರೆಗೆ ಬಿಟ್ಟಿದ್ರೆ ಉಳೀತಾ ಇತ್ತು ಅಂತ ಹೇಳಕ್ಕಾಗಲ್ಲ." ಅವರು ಕೈಗವಸು ಹಾಕಿಕೊಂಡರು. "ಸಣ್ಣ ಟ್ಯೂಬ್ ಹಾಕಿ ಖಾಲಿ ಮಾಡ್ತೀನಿ. ನೀವು ಆಚೆ ಕೂತಿರಿ."

ಹೊರಗಿನ ಬೆಂಚಿನ ಮೇಲೆ ಬಿಂದು, ಅಮ್ಮ ಇಬ್ಬರೇ. ಒಳಗಿನಿಂದ ಒಂದು ಸದ್ದೂ ಇಲ್ಲ. ಬಿಂದು ಬಾಗಿಲನ್ನೇ ನೋಡುತ್ತಿದ್ದಳು. ಬೆಳಿಗ್ಗೆ 'ಯಾಕೋ ಹಿಂಗೆ ಮಾಡ್ತೀಯ' ಅಂತ ನಟ್ಟುವನ್ನು ಕೇಳಿದ್ದು ನೆನಪಾಯಿತು.

ಅರ್ಧ ಗಂಟೆಯ ಮೇಲೆ ಬಾಗಿಲು ತೆರೆಯಿತು.

"ಸದ್ಯಕ್ಕೆ ಪರವಾಗಿಲ್ಲ," ಅಂದರು ಡಾಕ್ಟರು. "ಎರಡು ದಿನ ಇಲ್ಲೇ ಇರಲಿ. ಶನಿವಾರ ಸಂಜೆ ಬಂದು ಕರ್ಕೊಂಡು ಹೋಗಿ. ಅಂದ್ಹಾಗೆ, ಇದನ್ನ ಮೊದಲು ಗಮನಿಸಿದ್ದು ಯಾರು?"

ಅಮ್ಮ ಬಿಂದುವಿನ ತಲೆಯ ಮೇಲೆ ಕೈಯಿಟ್ಟರು.

"ಒಳ್ಳೇ ಕೆಲಸ ಮಾಡ್ದೆ ಪುಟ್ಟಿ." ಡಾಕ್ಟರು ಅವಳ ಪಕ್ಕದಲ್ಲೇ ಕೂತರು. "ಇದಕ್ಕೆ ಬೇರೆ ಬೇರೆ ಕಾರಣ ಇರತ್ತೆ. ಸಾಕಷ್ಟು ನೀರು ಕುಡೀದೇ ಇರೋದು ಒಂದು. ಹೆದರಿಕೆ ಇನ್ನೊಂದು. ಹೆದರಿಕೊಂಡು ತಡೀತಾವೆ, ತಡೆದು ತಡೆದು ಹಿಂಗಾಗತ್ತೆ. ನಿಮ್ಮ ಬೆಕ್ಕು ಟಬ್ಬಿಗೆ ಹೋಗೋಕೆ ಯಾಕೋ ಹೆದರ್ತಾ ಇದೆ."

"ಯಾಕೆ ಡಾಕ್ಟ್ರೇ?"

"ಅದು ನಂಗೆ ಹೇಗೆ ಗೊತ್ತಾಗತ್ತೆ? ಅದರ ಜೊತೆ ಮನೇಲಿರೋದು ನೀನು. ಬೈಯೋದು ಬೇಡ, ಹಿಡ್ಕೊಂಡು ಹೋಗಿ ಟಬ್ಬಲ್ಲಿ ಕೂರಿಸೋದೂ ಬೇಡ. ಸುಮ್ನೆ ನೋಡು. ಎಲ್ಲಿ ನಿಲ್ಲತ್ತೆ, ಎಲ್ಲಿಂದ ಓಡತ್ತೆ, ನೋಡು. ಮನೆಗೆ ಹೋದ್ಮೇಲೆ, ಭಾನುವಾರ ಸಂಜೆವರೆಗೂ ಉಚ್ಚೆ ಮಾಡ್ಲಿಲ್ಲ ಅಂದ್ರೆ ನಂಗೆ ಫೋನ್ ಮಾಡಿ. ಕಾಯಬೇಡಿ."

ಬಿಂದು ತಲೆಯಾಡಿಸಿದಳು. ಮನೆಗೆ ಬಂದ ಮೇಲೆ, ಯಾರೂ ಹೇಳದೆ, ಎರಡು ಲೋಟ ನೀರು ಕುಡಿದಳು.

ಭಾನುವಾರ ಬೆಳಿಗ್ಗೆ ಅಪ್ಪ ಬಂದರು. ಅಪ್ಪ ಕುಮಾರಸ್ವಾಮಿ ಮಂಗಳೂರು ಬಸ್ಸಿನ ಡ್ರೈವರ್. ಸಂಜೆ ಮತ್ತೆ ಡ್ಯೂಟಿಗೆ ಹೊರಡಬೇಕು. ಸ್ನಾನ ಮಾಡಿ ತಿಂಡಿಗೆ ಕೂತಾಗ ಅಜ್ಜಿ ಮಾತು ತೆಗೆದರು.

"ಚಿಕ್ಕಣ್ಣಂಗೆ ಹೇಳ್ದ್ಯಾ?"

"ಹೇಳ್ದೆ ಕಣವ್ವ. ನಾಕು ಗಂಟೆಗೆ ಸ್ಕೂಟರ್ ತಗೊಂಡು ಬರ್ತೀನಿ ಅಂದ."

ಬಿಂದುವಿನ ಕೈಯಲ್ಲಿದ್ದ ದೋಸೆ ಹಾಗೇ ಉಳಿಯಿತು. "ಅಪ್ಪಾ, ಮಿಲ್ಲಲ್ಲಿ ದಿನಪೂರ್ತಿ ಮಿಷನ್ ಓಡತ್ತೆ. ಅವನು ಇನ್ನೂ ಹುಷಾರಾಗಿಲ್ಲ."

"ಚಿಕ್ಕಣ್ಣ ಒಳ್ಳೆಯವನು ಕಣಮ್ಮ. ಹಾಲು ಹಾಕಿ ಚೆನ್ನಾಗಿ ನೋಡ್ಕೋತಾನೆ. ಅಜ್ಜಿ ಕಾಲು ನೋಡು, ಹೆಂಗಾಗದೆ."

ಅಮ್ಮ ಒಲೆಯ ಮುಂದೆ ನಿಂತು ದೋಸೆ ಮಗುಚುತ್ತಿದ್ದರು.

ನಟ್ಟು ಸೋಫಾದ ಹಿಂದೆ ಇತ್ತು. ಶನಿವಾರ ಸಂಜೆ ಕ್ಲಿನಿಕ್ಕಿನಿಂದ ತಂದ ಮೇಲೆ ಅದು ಎಲ್ಲೂ ಉಚ್ಚೆ ಮಾಡಿರಲಿಲ್ಲ. ಅಜ್ಜಿಯ ಕೋಣೆಗೆ ಈಗ ಬಾಗಿಲು ಹಾಕಿತ್ತು. ಬಿಂದು ಗಡಿಯಾರ ನೋಡಿದಳು. ಒಂಬತ್ತೂವರೆ. ಅವಳು ಬಚ್ಚಲುಮನೆಯ ಬಾಗಿಲಿಗೆ ಸ್ವಲ್ಪ ದೂರದಲ್ಲಿ, ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಸುಮ್ಮನೆ ನೋಡು ಅಂದಿದ್ದರು ಡಾಕ್ಟರು.

ಬಹಳ ಹೊತ್ತು ಏನೂ ಆಗಲಿಲ್ಲ. ಅಜ್ಜಿ ಅಪ್ಪನ ಯೂನಿಫಾರಂ, ಟವೆಲ್ಲು, ಶನಿವಾರದ ಬಟ್ಟೆ ಎಲ್ಲ ತಂದು ಮಿಷನ್ನಿಗೆ ಹಾಕಿ ಬಟನ್ ಒತ್ತಿ ಹೋದರು. ಮಿಷನ್ ನೀರು ತುಂಬಿಕೊಳ್ಳುತ್ತಾ ಸಣ್ಣಗೆ ಸದ್ದು ಮಾಡುತ್ತಿತ್ತು.

ಸೋಫಾದ ಹಿಂದಿನಿಂದ ನಟ್ಟು ಬಂತು. ಗೋಡೆಯ ಬುಡಕ್ಕೆ ಮೈ ಒತ್ತಿಕೊಂಡು ಒಂದೊಂದೇ ಹೆಜ್ಜೆ ಇಟ್ಟಿತು. ಅದು ಹೊಸ್ತಿಲು ದಾಟಿತು. ಟಬ್ಬಿನ ಅಂಚಿನ ಮೇಲೆ ಮುಂಗಾಲು ಇಟ್ಟಿತು. ಒಳಗೆ ಇಳಿದು ಮರಳನ್ನು ಒಮ್ಮೆ ಕೆರೆಯಿತು.

ಅಷ್ಟರಲ್ಲಿ ಮಿಷನ್ ಟಕ್ ಅಂತ ನಿಂತು, ಮರುಕ್ಷಣ ಧಡಧಡ ತಿರುಗತೊಡಗಿತು. ಹಳೆಯ ಮಿಷನ್ನು. ಅದರ ಮೈಯೆಲ್ಲ ನಡುಗಿ ಪಕ್ಕದ ಟಬ್ಬಿಗೆ ಬಡಿಯಿತು. ಟಬ್ಬೂ ನಡುಗಿತು.

ನಟ್ಟು ಮರಳಿಗೆ ಅಂಟಿಕೊಂಡಂತಾಯಿತು. ಕಿವಿ ಹಿಂದಕ್ಕೆ ಮಡಚಿತು. ಎಲ್ಲೆಡೆ ಮರಳು ಚೆಲ್ಲಿ, ಬಿಂದುವಿನ ಕಾಲ ಮೇಲೇ ಹಾರಿ ಓಡಿತು. ನೇರ ಅಜ್ಜಿಯ ಕೋಣೆಗೆ. ಬಾಗಿಲು ಹಾಕಿತ್ತು. ಅದು ಬಾಗಿಲನ್ನು ಎರಡು ಸಲ ಕೆರೆದು, ತಿರುಗಿ ನೋಡಿ, ಸೋಫಾದ ಹಿಂದೆ ನುಸುಳಿತು.

ಬಿಂದು ಎದ್ದು ಮಿಷನ್ನಿನ ಸ್ವಿಚ್ ಆಫ್ ಮಾಡಿದಳು. ಮನೆಯೆಲ್ಲ ಒಮ್ಮೆಗೇ ನಿಶ್ಶಬ್ದವಾಯಿತು.

"ಯಾಕಮ್ಮ, ಕರೆಂಟ್ ಹೋಯ್ತಾ?" ಅಪ್ಪ ಕೇಳಿದರು.

"ಇಲ್ಲ. ನಾನೇ ನಿಲ್ಸಿದೆ." ಬಿಂದು ಹಾಲಿಗೆ ಬಂದು ನಿಂತಳು. "ಅಜ್ಜಿ, ಅವನು ಬೇಕಂತ ಮಾಡ್ತಿಲ್ಲ. ಟಬ್ಬಿಗೆ ಹೋದಾಗ್ಲೇ ಮಿಷನ್ ಬಡಿಯತ್ತೆ. ಹೆದರಿ ನಿನ್ನ ಹಾಸಿಗೆಗೆ ಓಡ್ತಾನೆ. ಆಮೇಲೆ ನೀನು ಬೆಡ್‌ಶೀಟ್ ತಗೊಂಡೋಗಿ ಮಿಷನ್ನಿಗೆ ಹಾಕ್ತೀಯ. ಮಿಷನ್ ಇನ್ನೂ ಜಾಸ್ತಿ ಓಡತ್ತೆ. ಅವನು ಇನ್ನೂ ಜಾಸ್ತಿ ಹೆದರ್ತಾನೆ."

ಅಮ್ಮ ಕೈ ಒರೆಸಿಕೊಳ್ಳುತ್ತಾ ಅಡುಗೆಮನೆಯಿಂದ ಬಂದರು. "ಅವನು ಸಿಕ್ಕಿದ ಗೋಡೌನು ಕಂಪ್ರೆಸರ್ ರೂಮಿನ ಪಕ್ಕದಲ್ಲೇ ಇದೆ," ಅಂದರು ಮೆಲ್ಲಗೆ. "ಆ ಸದ್ದಿಗೆ ನಾವೇ ಕಿವಿಗೆ ಹತ್ತಿ ಇಟ್ಕೋತೀವಿ."

"ಸದ್ದಿಗೆ ಹೆದರಿಕೊಂಡ್ರೆ ಉಚ್ಚೆ ನಿಂತೋಯ್ತದಾ?" ಅಂದರು ಅಜ್ಜಿ. "ಬಂದ್ರೆ ಬಂದೇ ಬರ್ತದೆ."

"ಬರಲ್ಲ ಅಜ್ಜಿ. ಯಾರಾದ್ರೂ ಬಡೀತಾರೆ ಅಂದ್ರೆ ಬರಲ್ಲ. ಎಷ್ಟು ಅರ್ಜೆಂಟಾದ್ರೂ ಬರಲ್ಲ."

"ನಿಂಗೆಂಗೆ ಗೊತ್ತು?"

ಗುರುವಾರ ಅಮ್ಮ ಕೇಳಿದ್ದೂ ಇದೇ ಪ್ರಶ್ನೆ. ಬಿಂದು ಅವತ್ತು ನೆಲ ನೋಡಿದ್ದಳು. ಇವತ್ತು ನೆಲ ನೋಡುತ್ತಾ ನಿಲ್ಲಲು ಟೈಮ್ ಇರಲಿಲ್ಲ.

"ಸ್ಕೂಲಲ್ಲಿ ಟಾಯ್ಲೆಟ್‌ಗೆ ಚಿಲಕ ಇಲ್ಲ," ಅಂದಳು. "ದೊಡ್ಡ ಹುಡ್ಗೀರು ಬಡೀತಾರೆ. ಒಂದ್ಸಲ ತಳ್ಳಿ ತೆಗೆದ್ರು. ಎಲ್ರೂ ನೋಡಿ ನಕ್ಕರು. ನಾನು ಆಮೇಲೆ ಅಲ್ಲಿಗೆ ಹೋಗಿಲ್ಲ."

"ಯಾವಾಗಿಂದ?" ಅಮ್ಮ ಕೇಳಿದರು.

"ಜುಲೈ."

ಈಗ ಅಕ್ಟೋಬರ್. ಅಮ್ಮ ಅಲ್ಲೇ ಕುರ್ಚಿಯ ಮೇಲೆ ಕೂತುಬಿಟ್ಟರು. "ಅದಕ್ಕೇನಾ ನಿನ್ನ ಬಾಟ್ಲು ದಿನಾ ತುಂಬಿರೋ ಹಂಗೇ ವಾಪಸ್ ಬರ್ತಿರೋದು? ನಾನು ಬೈತಾ ಇದ್ನಲ್ಲೇ. ಒಂದು ಮಾತು ಹೇಳ್ಬಾರ್ದಿತ್ತಾ?"

"ಏನಂತ ಹೇಳ್ಲಿ?"

ಅಮ್ಮ ಅವಳನ್ನು ಹತ್ತಿರ ಎಳೆದುಕೊಂಡು, "ಉರಿಯುತ್ತಾ ನಿಂಗೂ?" ಅಂತ ಕಿವಿಯಲ್ಲಿ ಕೇಳಿದರು. ಬಿಂದು ಹೂಂ ಅಂದಳು. "ನಾಳೆ ಸಂಜೆ ಡಾಕ್ಟ್ರ ಹತ್ರ ಹೋಗೋಣ. ನಿನ್ನ ಡಾಕ್ಟ್ರ ಹತ್ರ."

ಅಜ್ಜಿ ಗೋಡೆ ಹಿಡಿದುಕೊಂಡು ಎದ್ದರು.

"ನಾವು ಊದುಬತ್ತಿ ಹೊಸೀತಿದ್ದ ಶೆಡ್ಡಲ್ಲಿ ಮೂವತ್ತು ಹೆಂಗಸ್ರಿದ್ವಿ," ಅಂದರು. "ಇದ್ದಿದ್ದು ಒಂದೇ ಕಕ್ಕಸ್ಸು. ತಗಡಿನ ಬಾಗ್ಲು, ಅರ್ಧ ಮುಚ್ಚಿದ್ರೆ ಅರ್ಧ ಮುಚ್ತಿರ್ನಿಲ್ಲ. ಗಾಡಿ ಹೊಡೆಯೋ ಗಂಡಸ್ರು ಅಲ್ಲೇ ಓಡಾಡೋರು. ಒಬ್ಳು ಒಳಕ್ಕೋದ್ರೆ ಇನ್ನೊಬ್ಳು ಆಚೆ ಸೆರಗು ಹಿಡ್ಕಂಡು ನಿಂತ್ಕತಿದ್ವಿ. ಜೊತೆ ಸಿಕ್ಕದೇ ಇದ್ದ ದಿನ ಮನೆಗಂಟ ಹಂಗೇ."

ಅವರು ಹೋಗಿ ತಮ್ಮ ಕೋಣೆಯ ಬಾಗಿಲು ತೆಗೆದರು.

"ಆ ಟಬ್ಬು ತಂದು ಮಂಚದ ಪಕ್ಕ, ಗೋಡೆ ಮೂಲೇಲಿಡು. ಹೊಸ ಮರಳು ಹಾಕು. ವಾಸನೆ ಬಂದ್ರೆ ದಿನಾ ಎರಡು ಸಲ ಎತ್ತೋಳು ನೀನೇ. ನನ್ನ ಕೈಲಾಗಲ್ಲ, ಈಗ್ಲೇ ಹೇಳಿದೀನಿ."

"ಅವ್ವ, ನಾಕು ಗಂಟೆಗೆ ಚಿಕ್ಕಣ್ಣ…" ಅಪ್ಪ ಶುರು ಮಾಡಿದರು.

"ಬರ್ಲಿ ಬುಡು. ನಾಕು ಗಂಟೆ ಆಗ್ಲಿ. ಅಷ್ಟ್ರಲ್ಲಿ ಅದು ಟಬ್ಬಿಗೆ ಹೋಗ್ನಿಲ್ಲ ಅಂದ್ರೆ ತಗೊಂಡೋಗ್ಲಿ."

ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದವರನ್ನು ಕೇಳಿ ಅಪ್ಪ ಒಂದು ಬಕೆಟ್ ಮರಳು ತಂದರು. ಬಿಂದು ಟಬ್ಬನ್ನು ಉಜ್ಜಿ ಉಜ್ಜಿ ತೊಳೆದು, ಒಣಗಿಸಿ, ಮಂಚದ ಪಕ್ಕದ ಮೂಲೆಯಲ್ಲಿಟ್ಟಳು. ಅಲ್ಲಿ ಕೂತರೆ ಬಾಗಿಲೂ ಕಾಣುತ್ತಿತ್ತು, ಕಿಟಕಿಯೂ ಕಾಣುತ್ತಿತ್ತು. ಬೆನ್ನಿಗೆ ಗೋಡೆ.

ಹನ್ನೆರಡಾಯಿತು. ನಟ್ಟು ಕೋಣೆಗೆ ಹೋಗಿ ಟಬ್ಬನ್ನು ಮೂಸಿ ಮಂಚದ ಕೆಳಗೆ ಮಲಗಿತು. ಒಂದಾಯಿತು, ಎರಡಾಯಿತು. ಬಿಂದು ಕೋಣೆಯ ಬಾಗಿಲಲ್ಲಿ ಕೂತು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಪ್ರತಿ ಅರ್ಧ ಗಂಟೆಗೊಮ್ಮೆ ಬಗ್ಗಿ, "ನಟ್ಟು, ಹೋಗೋ, ಪ್ಲೀಸ್ ಹೋಗೋ," ಅನ್ನುತ್ತಿದ್ದಳು.

ಮೂರೂಮುಕ್ಕಾಲಿಗೆ ಗೇಟಿನ ಸದ್ದಾಯಿತು. ಚಿಕ್ಕಣ್ಣ ಬಂದೇಬಿಟ್ಟರು. ಅಂಗಿಯ ಮೇಲೆಲ್ಲ ಹಿಟ್ಟಿನ ಪುಡಿ, ಕೈಯಲ್ಲಿ ಮುಚ್ಚಳವಿರುವ ಬುಟ್ಟಿ.

"ಎಲ್ಲಪ್ಪ ನಮ್ಮ ಇಲಿ ಇನ್‌ಸ್ಪೆಕ್ಟ್ರು?"

"ಮೆತ್ತಗೆ ಮಾತಾಡಪ್ಪ ಚಿಕ್ಕಣ್ಣ," ಅಂದರು ಅಜ್ಜಿ. "ಕೂತ್ಕೋ. ಕಾಫಿ ಕುಡಿ." ಆಮೇಲೆ ಬಿಂದುವಿನ ಕಡೆ ತಿರುಗಿದರು. "ನೀನೂ ಈಚೆ ಬಾ. ಬಾಗ್ಲಲ್ಲಿ ಕೂತು ಹಂಗೆ ದಿಟ್ಟಿಸಿ ನೋಡ್ತಿದ್ರೆ ಅದಕ್ಕೆಂಗೆ ಬರ್ತದೆ?"

ಬಿಂದುವಿನ ಮುಖ ಬಿಸಿಯಾಯಿತು. ತಾನೂ ಬಾಗಿಲು ಬಡಿಯುತ್ತಿದ್ದವರ ಹಾಗೇ ಕೂತಿದ್ದೆನಲ್ಲ. ಅವಳು ಎದ್ದು, ಬಾಗಿಲನ್ನು ಒಂದು ಗೇಣು ತೆರೆದಿಟ್ಟು, ಹಾಲಿಗೆ ಬಂದು ಬೆನ್ನು ತಿರುಗಿಸಿ ಕೂತಳು.

ಎಲ್ಲರೂ ಕೂತರು. ಅಮ್ಮ ಮಿಕ್ಸಿ ಹಾಕಲು ಹೋದವರು ಕೈ ಹಿಂದಕ್ಕೆ ತೆಗೆದುಕೊಂಡರು. ಅಪ್ಪ ಮೊಬೈಲನ್ನು ಸೈಲೆಂಟಿಗೆ ಹಾಕಿದರು. ಚಿಕ್ಕಣ್ಣ ಏನು ನಡೆಯುತ್ತಿದೆ ಅಂತ ತಿಳಿಯದೆ, ಕಾಫಿಯನ್ನು ಸದ್ದಿಲ್ಲದೆ ಕುಡಿಯಲು ಹೋಗಿ ತುಟಿ ಸುಟ್ಟುಕೊಂಡರು. ಗಡಿಯಾರದ ಮುಳ್ಳು ನಾಲ್ಕು ದಾಟಿತು. ಐದು ನಿಮಿಷ. ಹತ್ತು ನಿಮಿಷ. ಬಿಂದು ಡಾಕ್ಟರ ನಂಬರ್ ಬರೆದಿದ್ದ ಚೀಟಿಯನ್ನು ಕೈಯಲ್ಲಿ ಮಡಚಿ ಮಡಚಿ ಸಣ್ಣದು ಮಾಡಿದ್ದಳು.

ಆಗ ಕೇಳಿಸಿತು. ಸರಕ್. ಸರಕ್ ಸರಕ್. ಮರಳು ಕೆರೆಯುವ ಸದ್ದು.

ಬಿಂದು ಏಳಲು ಹೋದಳು. ಅಜ್ಜಿ ಅವಳ ಕೈ ಹಿಡಿದು ಕೂರಿಸಿದರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮತ್ತೆ ಮರಳಿನ ಸದ್ದು, ಈ ಸಲ ನಿಧಾನವಾಗಿ, ಉದ್ದಕ್ಕೆ. ಮುಚ್ಚುವ ಸದ್ದು.

ನಟ್ಟು ಬಾಗಿಲ ಸಂದಿನಿಂದ ಹೊರಗೆ ಬಂತು. ಅಷ್ಟು ಜನರನ್ನು ನೋಡಿ ನಿಂತಿತು. ಎಲ್ಲರೂ ಬೇರೆ ಎಲ್ಲೋ ನೋಡಿದರು. ಅದು ಹಾಲ್‌ನ ನಡುವೆ ಕೂತು ಮುಂಗಾಲು ನೆಕ್ಕತೊಡಗಿತು.

ಅಮ್ಮ ಒಳಗೆ ಹೋಗಿ ನೋಡಿ ಬಂದರು. "ಮರಳು ಇಷ್ಟಗಲ ಒದ್ದೆ ಮಾಡಿದಾನೆ," ಅಂದರು. ಅವರ ಕಣ್ಣು ಒದ್ದೆಯಾಗಿತ್ತು.

ಚಿಕ್ಕಣ್ಣ ಒಬ್ಬೊಬ್ಬರ ಮುಖವನ್ನೂ ನೋಡಿದರು. ಖಾಲಿ ಲೋಟ ಕೆಳಗಿಟ್ಟು, ಬುಟ್ಟಿ ಎತ್ತಿಕೊಂಡರು. "ನಂಗೆ ಬೇರೆ ಬೆಕ್ಕು ಸಿಕ್ತದೆ ಬುಡಿ. ಇಂಥ ಮರ್ಯಾದೆ ನನ್ನ ಮಿಲ್ಲಲ್ಲಿ ಇದಕ್ಕೆ ಸಿಕ್ಕಲ್ಲ."

ಆಮೇಲೆ ಎಲ್ಲ ಸರಿಹೋಯಿತು ಅಂತೇನಲ್ಲ. ದೀಪಾವಳಿಯ ಪಟಾಕಿಗೆ ಹೆದರಿ ನಟ್ಟು ಬಿಂದುವಿನ ಸ್ಕೂಲ್ ಬ್ಯಾಗನ್ನೇ ಒದ್ದೆ ಮಾಡಿತು. ಅಜ್ಜಿ ಬೈದರು. ಆದರೆ ಬೈದದ್ದು ಪಟಾಕಿ ಹೊಡೆದವರನ್ನು.

ಅದು ಆಮೇಲಿನ ಮಾತು. ಸೋಮವಾರ ಬೆಳಿಗ್ಗೆ ಅಜ್ಜಿ ಊರುಗೋಲು ಹಿಡಿದು ಬಿಂದುವಿನ ಜೊತೆ ಸ್ಕೂಲಿಗೆ ಬಂದರು. ಹೆಡ್‌ಮಿಸ್ ಎದುರು ಕೂತು ಚಿಲಕದ ವಿಷಯ ಹೇಳಿದರು. "ಈ ವಾರದಲ್ಲಿ ಹಾಕಿಸ್ತೀವಮ್ಮ," ಅಂದರು ಹೆಡ್‌ಮಿಸ್. "ಬುಧವಾರ ಮತ್ತೆ ಬಂದು ನೋಡ್ತೀನಿ," ಅಂದು ಅಜ್ಜಿ ಎದ್ದರು.

ಬುಧವಾರ ಇನ್ನೂ ದೂರ ಇತ್ತು. ಬಿಂದು ಎರಡನೇ ಪೀರಿಯಡ್ ಮುಗಿದಾಗ ಬಾಟ್ಲು ತೆಗೆದು ಅರ್ಧದವರೆಗೆ ನೀರು ಕುಡಿದಳು. ಬ್ರೇಕಿನ ಬೆಲ್ ಹೊಡೆದಾಗ ಸಿಂಚನಳ ತೋಳು ಹಿಡಿದಳು.

"ನನ್ನ ಜೊತೆ ಟಾಯ್ಲೆಟ್‌ಗೆ ಬರ್ತೀಯಾ? ನಾನು ಒಳಗೆ ಹೋದಾಗ ನೀನು ಆಚೆ ಬಾಗಿಲು ಹಿಡ್ಕೊಂಡು ನಿಂತ್ಕೋಬೇಕು. ಯಾರಾದ್ರೂ ಬಂದ್ರೆ, ಒಳಗೆ ಜನ ಇದಾರೆ ಅನ್ನು. ಅಷ್ಟೇ."

ಸಿಂಚನ ಅವಳನ್ನೇ ನೋಡಿದಳು. ಕೇಳಬಾರದಿತ್ತೇನೋ ಅಂತ ಬಿಂದುವಿಗೆ ಅನ್ನಿಸಿತು.

"ನಂಗೂ ನಿಂತ್ಕೋತೀಯಾ?" ಸಿಂಚನ ಕೇಳಿದಳು. "ನಾನೂ ಹೋಗ್ತಾನೇ ಇರ್ಲಿಲ್ಲ."

"ನೀನೂನಾ? ಯಾವಾಗಿಂದ?"

"ಗೊತ್ತಿಲ್ಲ. ಬಹಳ ದಿನದಿಂದ."

ಒಂದೇ ಬೆಂಚು. ಬಿಂದು ಸಂಜೆಯವರೆಗೆ ಪೀರಿಯಡ್ ಎಣಿಸುತ್ತಿದ್ದಾಗ ಪಕ್ಕದಲ್ಲಿ ಸಿಂಚನ ಕೂಡ ಎಣಿಸುತ್ತಿದ್ದಳು. ಇಬ್ಬರಿಗೂ ಗೊತ್ತಿರಲಿಲ್ಲ.

ಮೊದಲು ಸಿಂಚನ ಒಳಗೆ ಹೋದಳು. ಬಿಂದು ಬಾಗಿಲಿಗೆ ಬೆನ್ನು ಕೊಟ್ಟು, ಎರಡೂ ಕೈ ಹಿಂದೆ ಮಾಡಿ ಬಾಗಿಲು ಎಳೆದು ಹಿಡಿದಳು. ಸೆವೆಂತ್‌ನ ಒಬ್ಬಳು ಹುಡುಗಿ ಬೇಗ ಬೇಗ ನಡೆದು ಬಂದಳು. ಬಿಂದು ಬಾಗಿಲನ್ನು ಇನ್ನೂ ಬಿಗಿಯಾಗಿ ಹಿಡಿದಳು.

"ಒಳಗೆ ಜನ ಇದಾರೆ," ಅಂದಳು.

ಆ ಹುಡುಗಿ ನಿಂತಳು. ಆಮೇಲೆ ಪಕ್ಕದ ಗೋಡೆಗೆ ಒರಗಿ, ಕಾಲಿನ ಮೇಲೆ ಕಾಲು ಬಿಗಿಯಾಗಿ ಹಾಕಿಕೊಂಡಳು. ಹಾಗೆ ನಿಲ್ಲುವುದು ಯಾಕೆ ಅಂತ ಬಿಂದುವಿಗೆ ಚೆನ್ನಾಗಿ ಗೊತ್ತಿತ್ತು.

"ಇನ್ನೊಂದು ಸ್ವಲ್ಪ ಅಕ್ಕ," ಅಂದಳು ಬಿಂದು. "ಆಮೇಲೆ ನೀವು ಹೋಗಿ. ನಾನು ಇಲ್ಲೇ ಇರ್ತೀನಿ."

ಹುಡುಗಿ ತಲೆಯಾಡಿಸಿದಳು. ಬಿಂದು ಮುಖ ತಿರುಗಿಸಿಕೊಂಡು, ಮೈದಾನದಲ್ಲಿ ಖೋ ಖೋ ಆಡುತ್ತಿದ್ದವರನ್ನು ನೋಡುತ್ತಾ ನಿಂತಳು.